ದೊಡ್ಡಮ್ಮ ಹೊಲಿದ ಗುಂಡಿ

ನನ್ನ ಸೋದರಮಾವನಿಗೆ ದೆವ್ವದ ಸಿನಿಮಾಗಳ ವಿಷಯದಲ್ಲಿ ಎಷ್ಟು ಪಾಂಡಿತ್ಯವಿತ್ತೋ ದೆವ್ವಗಳ ವಿಷಯದಲ್ಲಿ ಅಷ್ಟೇ ಭಯವಿತ್ತು. ಇವೆರಡೂ ಒಂದೇ ದೇಹದಲ್ಲಿ ಇಪ್ಪತ್ತೆಂಟು ವರ್ಷ ಜಗಳವಿಲ್ಲದೆ ಬಾಳಿದ್ದು ನನ್ನ ಅತ್ತೆಯ ದೆಸೆಯಿಂದ. ಮಟಮಟ ಮಧ್ಯಾಹ್ನ ಒಳಕೋಣೆಯಿಂದ ಟವೆಲ್ಲು ತರಬೇಕಾದರೂ ಮಾವ ಹೊಸ್ತಿಲ ಮೇಲೆ ನಿಂತು, "ಇದ್ದೀಯೇನೇ?" ಎಂದು ಕೂಗುತ್ತಿದ್ದರು. ಅಡುಗೆಮನೆಯಿಂದ ಅತ್ತೆ "ಇದ್ದೀನಿ" ಎನ್ನುತ್ತಿದ್ದರು. ಬಚ್ಚಲಮನೆಯಲ್ಲಿ ಸೋಪು ಹಚ್ಚಿ ಕಣ್ಣು ಮುಚ್ಚುವ ಮೊದಲು ಒಂದು "ಇದ್ದೀಯೇನೇ", ಕಣ್ಣು ಬಿಟ್ಟ ಮೇಲೆ ಇನ್ನೊಂದು. ದಿನಕ್ಕೆ ಕಡಿಮೆಯೆಂದರೆ ಮೂವತ್ತು ಸಲ. ತಾನು ಇರುವುದನ್ನು ಇಷ್ಟು ಸಲ ಒಪ್ಪಿಕೊಂಡ ಹೆಂಗಸು ಲೋಕದಲ್ಲಿ ಇನ್ನೊಬ್ಬಳು ಇರಲಾರಳು.

ಆದರೆ ಮನೆಗೆ ನೆಂಟರು ಬಂದು ಕುಳಿತು, ಮಾತು ಸಿನಿಮಾದ ಕಡೆ ಹೊರಳಿತೆಂದರೆ ಮಾವ ಬೇರೆಯೇ ಮನುಷ್ಯ. ಲೋಟ ಕೆಳಗಿಟ್ಟು, ಕನ್ನಡಕ ಒರೆಸಿ, ಹಳೆಯ ಮೂರು ಸಿನಿಮಾಗಳನ್ನು ತೂಗಿ ನೋಡುತ್ತಿದ್ದರು. ಸಿನಿಮಾಗಳ ಹೆಸರನ್ನು ಅವರು ನೆನಪಿಟ್ಟುಕೊಂಡವರಲ್ಲ. ಗಾಳಿ ಸಿನಿಮಾ, ಕನ್ನಡಿ ಸಿನಿಮಾ, ಗುಂಡಿ ಸಿನಿಮಾ, ಅಷ್ಟೇ. ಗಾಳಿ ಸಿನಿಮಾದಲ್ಲಿ ಪಾಳುಬಂಗಲೆ, ಪಟಪಟ ಬಡಿಯುವ ಕಿಟಕಿ, ಹಾಡುವ ಹೆಂಗಸು. ಒಬ್ಬ ಬಡಗಿಯನ್ನು ಕರೆಸಿ ನಾಲ್ಕು ಚಿಲಕ ಹಾಕಿಸಿದ್ದರೆ ಆ ಭಯ ಅಲ್ಲಿಗೇ ಮುಗಿಯುತ್ತಿತ್ತು ಎಂಬುದು ಮಾವನ ತೀರ್ಪು. ಕನ್ನಡಿ ಸಿನಿಮಾದಲ್ಲಿ ಒಬ್ಬ ಗಡ್ಡ ಹೆರೆದುಕೊಳ್ಳುವಾಗ ಬೆನ್ನ ಹಿಂದೆ ಇನ್ನೊಂದು ಮುಖ ಕಾಣುತ್ತದೆ. ಪರವಾಗಿಲ್ಲ, ಆದರೂ ಹಿಂದೆ ಯಾರೋ ಇದ್ದಾರೆಂದು ಗೊತ್ತಾದ ಮೇಲೆ ಒಂಟಿತನವಾದರೂ ಹೋಯಿತಲ್ಲ ಎಂದು ಅದಕ್ಕೂ ಅಂಕ ಕಳೆಯುತ್ತಿದ್ದರು.

ಮೂರನೆಯದರ ಹತ್ತಿರ ಬಂದಾಗ ಮಾವ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡುತ್ತಿದ್ದರು. ಅದು ನಾಟಕವಲ್ಲ. ಗುಂಡಿ ಸಿನಿಮಾದಲ್ಲಿ ಒಂದು ದೊಡ್ಡ ಮನೆ, ಆ ಮನೆಗೊಬ್ಬ ದೊಡ್ಡಮ್ಮ. ಆಕೆ ಮೆಟ್ಟಿಲಿನಿಂದ ಉರುಳಿ ಸಾಯುತ್ತಾಳೆ. ಹೆಣ ಹೊತ್ತುಕೊಂಡು ಹೋಗುತ್ತಾರೆ. ಮುಂದಿನ ದೃಶ್ಯದಲ್ಲಿ ಅದೇ ದೊಡ್ಡಮ್ಮ ಕಿಟಕಿಯ ಪಕ್ಕ ಕುಳಿತು ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿರುತ್ತಾಳೆ. ಕೋಣೆಯಲ್ಲಿ ಇನ್ನಿಬ್ಬರು ರೈಲಿನ ವೇಳೆಯ ಬಗ್ಗೆ ಮಾತಾಡುತ್ತಿರುತ್ತಾರೆ. ಯಾರೂ ಆಕೆಯ ಕಡೆ ನೋಡುವುದಿಲ್ಲ. ಆಕೆ ಹಲ್ಲಿನಿಂದ ದಾರ ಕಡಿದು, ಅಂಗಿ ಮಡಚಿ ಕುರ್ಚಿಯ ಮೇಲಿಟ್ಟು ಎದ್ದು ಹೋಗುತ್ತಾಳೆ.

"ಸತ್ತವಳು ಕೂಗಲಿಲ್ಲ, ಕುಣಿಯಲಿಲ್ಲ. ಗುಂಡಿ ಹೊಲಿದಳು," ಎನ್ನುತ್ತಿದ್ದರು ಮಾವ. "ನಿಜವಾದ ದೆವ್ವ ಏನೂ ಮಾಡಲ್ಲ ಕಣ್ರಯ್ಯಾ. ಸುಮ್ಮನೆ ಇರುತ್ತೆ. ಅಂಥ ಸಿನಿಮಾ ಮತ್ತೆ ಯಾರೂ ತೆಗೀಲಿಲ್ಲ."

ಆಮೇಲೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಅಲ್ಲಿಂದ ಮುಂದೆ ನೋಡುವ ಅಗತ್ಯವೇ ತಮಗೆ ಕಾಣಲಿಲ್ಲ ಎಂದುಬಿಡುತ್ತಿದ್ದರು. ಅದನ್ನು ಎಲ್ಲರೂ ರಸಿಕನ ಸಂಯಮವೆಂದೇ ತಿಳಿದಿದ್ದರು.

ಮಾವ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ವಿಭಾಗದ ಗುಮಾಸ್ತರು. ಆ ವರ್ಷ ಕಚೇರಿಯ ಮೇಲೆ ಒಂದು ಕಾರ್ಮೋಡ ಕವಿದಿತ್ತು. ಊರಿನಿಂದ ಎರಡು ತಾಸಿನ ದಾರಿಯಲ್ಲಿ, ಜಲಾಶಯದ ದಂಡೆಯ ಮೇಲೆ ಇಲಾಖೆಯದೊಂದು ಪಂಪ್‌ಹೌಸು. ಅಲ್ಲಿ ಒಂದು ಪಂಪು, ಒಂದು ಕೋಣೆ, ಒಂದು ಮಂಚ, ಒಂದು ಕುರ್ಚಿ. ನೌಕರನ ಹೊರತು ನರಪಿಳ್ಳೆಯೂ ತಂಗಬಾರದೆಂಬ ನಿಯಮ ಬೇರೆ. ಆರು ತಿಂಗಳಲ್ಲಿ ಮೂವರು ಅಲ್ಲಿಂದ ಓಡಿಬಂದಿದ್ದರು. ಮೊದಲನೆಯವನು ಚಾವಣಿಯ ಮೇಲೆ ಯಾರೋ ನಡೆದಾಡುತ್ತಾರೆ ಎಂದು ಬರೆದುಕೊಟ್ಟ. ಎರಡನೆಯವನು ಪಂಪು ನಿಲ್ಲಿಸಿದ ಮೇಲೂ ಪಂಪಿನ ಸದ್ದು ಕೇಳುತ್ತದೆ ಎಂದ. ಮೂರನೆಯವನು "ಅಲ್ಲಿ ಏನೂ ಇಲ್ಲ, ಏನೇನೂ ಇಲ್ಲ" ಎಂದಷ್ಟೇ ಬರೆದು ಉದ್ದನೆಯ ರಜೆ ಹಾಕಿದ. ಸೇವಾ ಹಿರಿತನದ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ನಮ್ಮ ಮಾವನದು.

ಟವೆಲ್ಲಿಗೆ ಹೆದರುವ ಮನುಷ್ಯ ಜಲಾಶಯದ ದಂಡೆಯಲ್ಲಿ ಒಬ್ಬನೇ ಮಲಗಬೇಕು. ಮಾವನಿಗೆ ಊಟ ಸೇರದಾಯಿತು. ಅಷ್ಟರಲ್ಲಿ ಒಂದು ಆಶಾಕಿರಣ ಮೂಡಿತು. ಮಹಡಿಯ ಮೇಲಿನ ಮನೆಯ ಟೈಪಿಸ್ಟ್, ಕಂಡದ್ದು ಕೇಳಿದ್ದನ್ನೆಲ್ಲ ಪ್ರಸಾರ ಮಾಡುವುದರಿಂದ ಕಚೇರಿಯವರೆಲ್ಲ ರೇಡಿಯೋ ಎಂದು ಕರೆಯುತ್ತಿದ್ದ ಮಹಾಶಯ, ಹೊಸದಾಗಿ ಬಂದ ಸಾಹೇಬರಿಗೆ ಹಳೆಯ ದೆವ್ವದ ಸಿನಿಮಾಗಳೆಂದರೆ ಪಂಚಪ್ರಾಣ ಎಂಬ ಸುದ್ದಿ ತಂದರು. ಸಾಹೇಬರ ಸ್ನೇಹ ಗಳಿಸಿದರೆ ಅವರು ತನ್ನನ್ನು ಪಕ್ಕದ ಕುರ್ಚಿ ಬಿಟ್ಟು ಏಳಲು ಬಿಡುವುದಿಲ್ಲ ಎಂದು ಮಾವ ಲೆಕ್ಕ ಹಾಕಿದರು. ಮರುದಿನವೇ ಒಂದು ಕಡತ ಒಯ್ಯುವ ನೆಪದಲ್ಲಿ ಒಳಗೆ ಹೋಗಿ, ಗಾಳಿ, ಕನ್ನಡಿ, ಗುಂಡಿ ಮೂರನ್ನೂ ಬಿಡಿಸಿ ಇಟ್ಟು ಬಂದರು.

ಸಾಹೇಬರು ಕೊನೆಯವರೆಗೂ ಕೇಳಿದರಂತೆ. ಆಮೇಲೆ ಎದ್ದುನಿಂತು ಮಾವನ ಕೈ ಕುಲುಕಿ, ಇಂಥ ಮನುಷ್ಯನನ್ನೇ ತಾವು ಇಷ್ಟು ದಿನ ಹುಡುಕುತ್ತಿದ್ದದ್ದು ಎಂದರಂತೆ. ನೌಕರರ ಮನರಂಜನಾ ಸಭಾಂಗಣದಲ್ಲಿ ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಆ ಗುಂಡಿ ಸಿನಿಮಾವನ್ನೇ ತರಿಸಿ ತೋರಿಸುವುದು, ಅದಕ್ಕೆ ಮೊದಲು ಮಾವನ ಉಪನ್ಯಾಸ, ಎಂದು ಅಲ್ಲೇ ತೀರ್ಮಾನವಾಯಿತು. ಮಾವ ಆ ದಿನ ಮನೆಗೆ ಹಣ್ಣು ತಂದರು. ಟವೆಲ್ಲನ್ನು ಒಂದೇ "ಇದ್ದೀಯೇನೇ"ಯಲ್ಲಿ ತಂದುಕೊಂಡರು.

ಶನಿವಾರ ಸಂಜೆ ರೇಡಿಯೋ ಮೆಟ್ಟಿಲಿಳಿದು ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಏನ್ ಸ್ವಾಮಿ, ಹಾಸಿಗೆ ಸುತ್ತಿ ಇಟ್ರಾ?"

"ಯಾವ ಹಾಸಿಗೆ?"

"ಪಂಪ್‌ಹೌಸಿಗೆ ಬೇಕಲ್ಲ. ದೆವ್ವ ಅಂದ್ರೆ ಹೆದರದೇ ಇರೋ ಒಬ್ಬ ಗಂಡಸು ನಮ್ಮ ಇಲಾಖೇಲಿ ಇದಾನೆ, ಭಾನುವಾರ ಅವನ ಮಾತು ಕೇಳಿ ಸೋಮವಾರ ಆರ್ಡರ್ ಮಾಡ್ತೀನಿ ಅಂದಿದಾರೆ ಸಾಹೇಬ್ರು. ಟೈಪ್ ಮಾಡೋನು ನಾನೇ. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದೀನಿ."

ಮಾವ ಕುರ್ಚಿ ಎಳೆದುಕೊಂಡು ಕುಳಿತರು.

ಓದು ಮುಗಿಸಿ ಅವರ ಮನೆಯಲ್ಲೇ ಇದ್ದ ನನ್ನನ್ನು ಕೂರಿಸಿಕೊಂಡು ಮಾವ ಉಪನ್ಯಾಸವನ್ನು ತಿದ್ದಿಸಿದರು. ಹೊಸ ಉಪಾಯವೆಂದರೆ, ತಾನು ಎಂಥ ಪುಕ್ಕಲನೆಂದು ಸಭೆಯಲ್ಲಿ ತಾನೇ ಹೇಳಿಕೊಳ್ಳುವುದು. ಮಾನ ಹೋದರೆ ಹೋಯಿತು, ಮಂಚ ಉಳಿಯುತ್ತದೆ. ಎರಡು ಪುಟಕ್ಕೊಂದರಂತೆ "ನನ್ನ ಕೈಕಾಲು ನಡುಗಿದವು" ಎಂಬ ವಾಕ್ಯ ಸೇರಿಸಿದೆವು. ಅತ್ತೆ ಸೊಪ್ಪು ಸೋಸುತ್ತಾ, "ಬರೀಬೇಕಾಗಿಲ್ಲ, ನಿಂತ್ರೆ ತಾನಾಗೇ ನಡುಗುತ್ತವೆ" ಎಂದರು.

ಭಾನುವಾರ ಸಭಾಂಗಣದ ಕಿಟಕಿಗಳಿಗೆಲ್ಲ ದಪ್ಪ ಕರಿ ಟಾರ್ಪಾಲು ಹೊದಿಸಿ ಹಗಲನ್ನು ಹೊರಗೆ ಹಾಕಿದ್ದರು. ಮುಂದಿನ ಸಾಲಿನಲ್ಲಿ ಸಾಹೇಬರು, ಅವರ ಪತ್ನಿ, ಪಕ್ಕದಲ್ಲಿ ರೇಡಿಯೋ. ಹೆಂಗಸರು ಹಿಂದಿನ ಸಾಲುಗಳಲ್ಲಿ. ಅತ್ತೆ ಕಟ್ಟಕಡೆಯ ಬೆಂಚಿನಲ್ಲಿ ಕುಳಿತಿದ್ದರು. ಹಿಂದೆ ಮೇಜಿನ ಮೇಲೆ ಪ್ರೊಜೆಕ್ಟರು. ಅದನ್ನು ನಡೆಸಲು ಊರಿನ ಮುಚ್ಚಿಹೋದ ಟಾಕೀಸಿನ ಹಳೆಯ ಆಪರೇಟರನ್ನು ಕರೆಸಿದ್ದರು. ಎಪ್ಪತ್ತರ ಮುದುಕ. ರೀಲಿನ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ, ನಂಬರನ್ನು ಮತ್ತೆ ಮತ್ತೆ ಬೆರಳಿಟ್ಟು ಓದಿಕೊಳ್ಳುತ್ತಿದ್ದರು.

ಮಾವ ಎದ್ದುನಿಂತರು. ಮೊದಲ ವಾಕ್ಯಕ್ಕೇ, ತಾನು ಬಹಳ ಹೆದರುವ ಸ್ವಭಾವದವನು ಎಂದರು. ಸಭೆ ನಕ್ಕಿತು. ಬಚ್ಚಲಮನೆಗೆ ಹೋಗಲೂ ಹೆಂಡತಿಯ ದನಿ ಬೇಕು ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಪತ್ನಿಯ ಕಡೆ ಬಾಗಿ, ನಿಜವಾದ ಧೈರ್ಯವಂತ ಮಾತ್ರ ಹೀಗೆ ತನ್ನನ್ನೇ ಹಾಸ್ಯ ಮಾಡಿಕೊಳ್ಳಬಲ್ಲ ಎಂದದ್ದು ನನಗೂ ಕೇಳಿಸಿತು, ಮಾವನಿಗೂ ಕೇಳಿಸಿತು. ಅಲ್ಲಿಂದ ಮುಂದೆ ಮಾವ ಕೈಬಿಟ್ಟರು. ಬರೆದಿದ್ದನ್ನು ಮಡಚಿ ಜೇಬಿಗಿಟ್ಟು, ಗುಂಡಿ ಸಿನಿಮಾದ ಕಥೆಯನ್ನು ತಮಗೆ ನೆನಪಿದ್ದಂತೆ, ಮೆಲುದನಿಯಲ್ಲಿ, ನಿಂತುನಿಂತು ಹೇಳಿದರು. ದೊಡ್ಡಮ್ಮ ಗುಂಡಿ ಹೊಲಿಯುವಾಗ ಆಕೆ ಸತ್ತಿದ್ದಾಳೆ ಎಂಬುದನ್ನು ಯಾರೂ ಮರೆಯಬಾರದು ಎಂದು ಕೇಳಿಕೊಂಡರು. ಆಕೆ ಏನಾದರೂ ಮಾಡುತ್ತಾಳೆಂದು ಕಾಯಬೇಡಿ, ಏನೂ ಮಾಡುವುದಿಲ್ಲ, ಅದೇ ಕಷ್ಟ, ಎಂದು ಮುಗಿಸಿದರು.

ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ರೇಡಿಯೋ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ದೀಪ ಆರಿ, ಮೊದಲ ರೀಲು ಓಡತೊಡಗಿತು.

ಕೂರಲಾರದೆ ಮಾವ ಹಿಂದಕ್ಕೆ ಬಂದು ಪ್ರೊಜೆಕ್ಟರಿನ ಪಕ್ಕ ನಿಂತರು. ನಾನೂ ಅಲ್ಲಿದ್ದೆ. ಆಪರೇಟರು ಮಾವನನ್ನೇ ಬಹಳ ಹೊತ್ತು ನೋಡಿ ಹೇಳಿದರು.

"ಇದನ್ನ ನೀವು ನಮ್ಮ ಟಾಕೀಸಲ್ಲೇ ನೋಡಿದ್ದು. ಮ್ಯಾಟಿನಿ."

"ನಿಮಗೆ ಹೆಂಗೆ ಗೊತ್ತು?"

"ದೊಡ್ಡಮ್ಮ ಸತ್ತಮೇಲೆ ಗುಂಡಿ ಹೊಲಿದಿದ್ದು ಅದೊಂದೇ ಆಟದಲ್ಲಿ, ಸ್ವಾಮಿ."

ಆಗ ಊರಿನ ಎರಡು ಟಾಕೀಸುಗಳು ಒಂದೇ ಪ್ರಿಂಟನ್ನು ಹಂಚಿಕೊಂಡು ಓಡಿಸುತ್ತಿದ್ದವಂತೆ. ಅಲ್ಲಿ ಮುಗಿದ ರೀಲುಗಳನ್ನು ಡಬ್ಬಿಗೆ ಹಾಕಿ ಸೈಕಲ್ಲಿನಲ್ಲಿ ಇಲ್ಲಿಗೆ ತರಬೇಕು. ಆ ದಿನ ತಿರುವಿನಲ್ಲಿ ಸೈಕಲ್ಲು ಬಿದ್ದು ಮೂರು ಮತ್ತು ನಾಲ್ಕನೆಯ ಡಬ್ಬಿಗಳ ಮುಚ್ಚಳ ಹಾರಿದವು. ನಂಬರು ಇರುವುದು ಮುಚ್ಚಳದ ಮೇಲೆ. ಎತ್ತಿ ಹಾಕುವಾಗ ಇದರ ಮುಚ್ಚಳ ಅದಕ್ಕೆ, ಅದರದು ಇದಕ್ಕೆ. ಆಪರೇಟರು ಮುಚ್ಚಳ ನಂಬಿದರು. ಸಾಯುವ ರೀಲು ಮೊದಲು ಓಡಿತು, ಹೊಲಿಯುವ ರೀಲು ಆಮೇಲೆ.

"ಹಾಗಾದ್ರೆ ಹೊಲಿಯೋವಾಗ ದೊಡ್ಡಮ್ಮ..."

"ಗಟ್ಟಿಮುಟ್ಟಾಗಿದಾಳೆ. ಅದು ಬರೀ ಹೊಲಿಗೆ."

ಮಾವ ಮೇಜಿನ ಅಂಚು ಹಿಡಿದುಕೊಂಡರು.

"ಜನ ಸುಮ್ಮನೆ ನೋಡಿದ್ರು," ಆಪರೇಟರು ಹಳೆಯ ದುಃಖ ತೋಡಿಕೊಳ್ಳುವವರಂತೆ ಮುಂದುವರಿಸಿದರು. "ಒಬ್ಬ ಮಾತ್ರ ಚಪ್ಪಲಿ ಬಿಟ್ಟು ಎದ್ದು ಓಡಿಹೋದ. ಮೂರು ದಿನ ಆ ಚಪ್ಪಲಿ ಎತ್ತಿಟ್ಟಿದ್ದೆ. ಎಡಗಾಲಿನ ಉಂಗುಷ್ಟ ಕಿತ್ತಿತ್ತು."

"ಬಲಗಾಲಿಂದು," ಎಂದರು ಮಾವ.

ಇಪ್ಪತ್ತೆಂಟು ವರ್ಷದ ಪಾಂಡಿತ್ಯ ಒಂದು ಸೈಕಲ್ಲಿನ ತಿರುವಿನಲ್ಲಿ ಹುಟ್ಟಿದ್ದೆಂದು ಹೀಗೆ ಇತ್ಯರ್ಥವಾಯಿತು. ಇನ್ನು ಇಪ್ಪತ್ತು ನಿಮಿಷದಲ್ಲಿ ದೊಡ್ಡಮ್ಮ ಜೀವಂತವಾಗಿ ಗುಂಡಿ ಹೊಲಿಯುತ್ತಾಳೆ, ಆಮೇಲೆ ಎಲ್ಲರ ಕಣ್ಣೆದುರೇ ಸಾಯುತ್ತಾಳೆ. ಪತ್ನಿಯ ಮುಂದೆ, ಇಡೀ ಇಲಾಖೆಯ ಮುಂದೆ ತಲೆ ತಗ್ಗಿಸಬೇಕಾದ ಸಾಹೇಬರು ಸೋಮವಾರದವರೆಗೂ ಕಾಯುವುದಿಲ್ಲ. ಹೊಗಳಿದರೂ ಪಂಪ್‌ಹೌಸು, ಬೈದರೂ ಪಂಪ್‌ಹೌಸು. ಮಾವ ಆಪರೇಟರ ಕೈ ಹಿಡಿದು, ಇವತ್ತೊಂದು ದಿನ ಮುಚ್ಚಳ ಅದಲುಬದಲಾಗಲಿ ಎಂದು ಬೇಡಿಕೊಂಡರು.

ಆಪರೇಟರು ಕೈ ಬಿಡಿಸಿಕೊಂಡರು. "ನಲವತ್ತು ವರ್ಷದ ಕೆಲಸದಲ್ಲಿ ಒಂದೇ ತಪ್ಪು ಮಾಡಿದೀನಿ. ಅದನ್ನ ಎರಡು ಮಾಡಿಸಬೇಡಿ." ಮೂರನೆಯ ರೀಲನ್ನು ಮೂರನೆಯದಾಗಿಯೇ ಏರಿಸಿದರು.

ಪರದೆಯ ಮೇಲೆ ಕಿಟಕಿ ಬಂತು. ಕಿಟಕಿಯ ಪಕ್ಕ ದೊಡ್ಡಮ್ಮ. ಸೂಜಿ ಅಂಗಿಯೊಳಗೆ ಹೋಯಿತು, ಬಂತು. ಇಬ್ಬರು ರೈಲು ಎಷ್ಟು ಹೊತ್ತಿಗೆ ಎಂದು ಮಾತಾಡಿದರು. ಸಿನಿಮಾ ತೆಗೆದವನು ಈ ದೃಶ್ಯದಲ್ಲಿ ಯಾವ ಭಯವನ್ನೂ ಉದ್ದೇಶಿಸಿರಲಿಕ್ಕಿಲ್ಲ. ಮನೆಯವರ ನೆಮ್ಮದಿಯನ್ನು ತೋರಿಸುವುದು ಅವನ ಇರಾದೆ. ಆದರೆ ಸಭಾಂಗಣದಲ್ಲಿ ಇನ್ನೂರು ಜನ ಉಸಿರು ಬಿಗಿಹಿಡಿದಿದ್ದರು. ಎಲ್ಲರಿಗೂ ಆಕೆ ಸತ್ತಿದ್ದಾಳೆಂದು ಗೊತ್ತಿತ್ತು. ಮಾವ ಹೇಳಿದ್ದರಲ್ಲ. ಆ ಸಾವು ಪರದೆಯ ಮೇಲೆ ಇನ್ನೂ ಬಂದೇ ಇಲ್ಲವಲ್ಲ ಎಂದು ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆಕೆ ಸೂಜಿಗೆ ದಾರ ಪೋಣಿಸಿದಾಗ ಲೆಕ್ಕಪತ್ರ ವಿಭಾಗದ ಯಾರೋ ಬಿಕ್ಕಿದರು. ಆಕೆ ಸುಮ್ಮನೆ ತಲೆಯೆತ್ತಿ ಕಿಟಕಿಯ ಹೊರಗೆ ನೋಡಿದಾಗ ಒಂದು ಇಡೀ ಸಾಲು ತನ್ನ ಬೆನ್ನ ಹಿಂದೆ ತಿರುಗಿ ನೋಡಿತು.

ಎಲ್ಲರಿಗಿಂತ ಹೆಚ್ಚು ಹೆದರಿದವರು ಮಾವ. ಆಕೆ ಬದುಕಿದ್ದಾಳೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಆದರೆ ಭಯಕ್ಕೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ರೈಲಿನ ಮಾತು ನಿಂತಿತು. ದೊಡ್ಡಮ್ಮ ದಾರವನ್ನು ಬಾಯಿಯ ಹತ್ತಿರ ತಂದಳು. ಪ್ರೊಜೆಕ್ಟರಿನ ಕಿರಕಿರ ಬಿಟ್ಟರೆ ಎಲ್ಲೂ ಒಂದು ಸದ್ದಿಲ್ಲ. ಆಗ ನನ್ನ ಮಾವ, ಇಪ್ಪತ್ತೆಂಟು ವರ್ಷದ ಅಭ್ಯಾಸಬಲದಿಂದ, ಕತ್ತಲಿಗೆ ಕೂಗಿದರು.

"ಇದ್ದೀಯೇನೇ?"

ಕಟ್ಟಕಡೆಯ ಬೆಂಚಿನಿಂದ ಒಂದು ಹೆಣ್ಣು ದನಿ, ಅಷ್ಟೇ ಅಭ್ಯಾಸಬಲದಿಂದ, ಬೇಸರವೂ ಇಲ್ಲದೆ ಪ್ರೀತಿಯೂ ಇಲ್ಲದೆ ಹೇಳಿತು.

"ಇದ್ದೀನಿ."

ಪರದೆಯ ಮೇಲೆ ದೊಡ್ಡಮ್ಮ ದಾರ ಕಡಿದಳು.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಲು ಬರುವುದಿಲ್ಲ. ಇನ್ನೂರು ಜನ ಏಕಕಾಲಕ್ಕೆ ಒಂದೇ ಬಾಗಿಲಿನಿಂದ ಹೊರಡಲು ಯತ್ನಿಸಿದರು. ರೇಡಿಯೋ ಬಾಗಿಲೆಂದು ತಿಳಿದು ಟಾರ್ಪಾಲಿನೊಳಗೆ ನುಗ್ಗಿ, ಅಲ್ಲೇ ಸುತ್ತಿಕೊಂಡು, ತನ್ನನ್ನು ಯಾರೋ ಅಪ್ಪಿ ಹಿಡಿದಿದ್ದಾರೆಂದು ಇಡೀ ಬಡಾವಣೆಗೆ ಪ್ರಸಾರ ಮಾಡಿದರು. ದೀಪ ಹಾಕಿದಾಗ ಸಾಹೇಬರು ಕುರ್ಚಿಯ ಮೇಲೆ ನಿಂತಿದ್ದರು. ಅವರ ಪತ್ನಿ ಆ ಕುರ್ಚಿಯನ್ನು ಹಿಡಿದುಕೊಂಡಿದ್ದರು. ಕೂತಲ್ಲೇ ಕೂತಿದ್ದವರು ನನ್ನ ಅತ್ತೆ ಒಬ್ಬರೇ.

"ಗಂಟೇ ಹಾಕದೆ ದಾರ ಕಡಿದಳು," ಎಂದರು ಅತ್ತೆ, ಪರದೆಯ ಕಡೆ ಕೈ ತೋರಿಸಿ. "ಆ ಗುಂಡಿ ನಾಳೇನೇ ಉದುರುತ್ತೆ."

ನೀರು ಕುಡಿದು, ಮುಖ ತೊಳೆದು, ಅರ್ಧದಷ್ಟು ಜನ ಮತ್ತೆ ಕುಳಿತರು. ನಾಲ್ಕನೆಯ ರೀಲಿನಲ್ಲಿ ದೊಡ್ಡಮ್ಮ ಮೆಟ್ಟಿಲಿನಿಂದ ಉರುಳಿದಳು. ಮಾವ ಕಣ್ಣು ಮುಚ್ಚಿಕೊಂಡು ತಮ್ಮ ಸರ್ವನಾಶಕ್ಕೆ ಕಾದರು. ಸಾಹೇಬರು ಪತ್ನಿಗೆ ಪಿಸುದನಿಯಲ್ಲಿ ವಿವರಿಸಿದರು, ಇದು ಹಿಂದೆ ನಡೆದದ್ದು, ಈಗ ತೋರಿಸುತ್ತಿದ್ದಾರೆ. ಅವರ ಹಿಂದಿನ ಸಾಲು ಅದನ್ನು ತನ್ನ ಹಿಂದಿನ ಸಾಲಿಗೆ ದಾಟಿಸಿತು. ಐದನೆಯ ರೀಲಿನಲ್ಲಿ, ಮುಖಕ್ಕೆಲ್ಲ ಬಿಳಿ ಮೆತ್ತಿಕೊಂಡು, ಕೂದಲು ಕೆದರಿಕೊಂಡು, ಸಿನಿಮಾದವರು ನಿಜವಾಗಿ ನಂಬಿದ್ದ ದೆವ್ವ ಗುಡುಗಿನ ಜೊತೆ ಬಂದಾಗ ಸಭೆ ನಿರಾಳವಾಗಿ ನಕ್ಕಿತು. ಟಾರ್ಪಾಲಿನಿಂದ ಬಿಡುಗಡೆಯಾಗಿದ್ದ ರೇಡಿಯೋ, ಪಾಪ, ಹಿಟ್ಟಿನ ಗಿರಣಿಯಿಂದ ನೇರ ಬಂದಿರಬೇಕು ಎಂದರು.

ಎಲ್ಲ ಮುಗಿದ ಮೇಲೆ ಸಾಹೇಬರು ಮಾವನನ್ನು ಪಕ್ಕಕ್ಕೆ ಕರೆದರು. ಆ ದನಿಯ ಪ್ರಾತ್ಯಕ್ಷಿಕೆಯನ್ನು ಬಹಳ ಚೆನ್ನಾಗಿ ಏರ್ಪಡಿಸಿದ್ದಿರಿ ಎಂದರು. ಮಾವ ಅಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಸಾಹೇಬರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

"ಆ ಪಂಪ್‌ಹೌಸಿಂದ ಬಂದ ಮೂರನೆಯವನು ಏನಂತ ಬರೆದುಕೊಟ್ಟಿದ್ದ?"

"ಏನೂ ಇಲ್ಲ ಅಂತ, ಸಾರ್."

"ಏನೂ ಇಲ್ವಾ?"

"ಏನೇನೂ ಇಲ್ಲ, ಸಾರ್."

ಸಾಹೇಬರು ಡ್ರೈವರನ್ನು ಕರೆದು, ಇನ್ನೂ ಬಿಸಿಲಿದ್ದರೂ, ಕಾರಿನವರೆಗೆ ತಮ್ಮ ಜೊತೆ ನಡೆದು ಬರುವಂತೆ ಹೇಳಿದರು.

ಸೋಮವಾರ ರೇಡಿಯೋ ಹೊಸ ಆದೇಶ ಟೈಪು ಮಾಡಿದರು. ಇನ್ನು ಮುಂದೆ ಆ ಪಂಪ್‌ಹೌಸಿನಲ್ಲಿ ಯಾವ ನೌಕರನೂ ಒಬ್ಬನೇ ತಂಗತಕ್ಕದ್ದಲ್ಲ. ಎರಡನೆಯ ನೌಕರ ಲಭ್ಯವಿಲ್ಲದ ಕಾರಣ ಪತ್ನಿಯೊಡನೆ ವಾಸಿಸಲು ಅನುಮತಿ ನೀಡಲಾಗಿದೆ. ಎರಡನೆಯ ಮಂಚ ಮಂಜೂರಾಗಿದೆ. ಖಾಲಿ ಬಿಟ್ಟಿದ್ದ ಜಾಗದಲ್ಲಿ ಮಾವನ ಹೆಸರೇ ಬಿತ್ತು. ಮಾವ ಓದಿ, ಪತ್ನಿ ಎಂಬ ಪದದ ಮೇಲೆ ಬೆರಳಿಟ್ಟು, ಹಾಗೇ ಕುಳಿತುಕೊಂಡರು. ಹಾಸಿಗೆ ಸುತ್ತುವ ಕೆಲಸ ಅತ್ತೆ ಆಗಲೇ ಶುರುಮಾಡಿದ್ದರು.

ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ನೋಡಲು ಹೋದೆ. ಜಲಾಶಯ ಮಿಸುಕದೆ ಬಿದ್ದುಕೊಂಡಿತ್ತು. ಪಂಪು ಆಗಷ್ಟೇ ನಿಂತಿತ್ತು. ಅದು ನಿಂತ ಮೇಲೆ ಕೇಳುವ ಸದ್ದು ನೀರಿನ ಕೊಳವೆಯದೆಂದು ಅತ್ತೆ ಮೊದಲ ದಿನವೇ ಪತ್ತೆಹಚ್ಚಿದ್ದರು. ಚಾವಣಿಯ ಮೇಲೆ ನಡೆಯುವುದು ಎರಡು ಪಾರಿವಾಳ. ಇನ್ನುಳಿದದ್ದು ಆ ಏನೂ ಇಲ್ಲದ್ದು. ಅದಕ್ಕೆ ಮಾತ್ರ ಮದ್ದು ಸಿಕ್ಕಿರಲಿಲ್ಲ. ಮಾವ ನನಗೆ ಕುಡಿಯಲು ನೀರು ತರಲೆಂದು ಎದ್ದು, ಒಳಬಾಗಿಲ ಹೊಸ್ತಿಲ ಮೇಲೆ ನಿಂತರು.

ಒಳಗೆ, ಕಿಟಕಿಯ ಬೆಳಕಿನಲ್ಲಿ, ಅತ್ತೆ ನಮ್ಮ ಕಡೆಗೆ ಬೆನ್ನು ಹಾಕಿ ಕುಳಿತಿದ್ದರು. ಮಡಿಲಲ್ಲಿ ಮಾವನ ನೀಲಿ ಅಂಗಿ. ಸೂಜಿ ಒಳಗೆ ಹೋಯಿತು, ಬಂತು.

ಮಾವ ಹೊಸ್ತಿಲು ದಾಟಲಿಲ್ಲ.

"ಇದ್ದೀಯೇನೇ?"

ಅತ್ತೆ ತಿರುಗಲಿಲ್ಲ. ಅವಸರವಿಲ್ಲದೆ ದಾರವನ್ನು ಎರಡು ಸುತ್ತು ಸುತ್ತಿ, ಗಂಟು ಹಾಕಿ, ಎಳೆದು ನೋಡಿದರು. ಪಾರಿವಾಳಗಳೂ ನಿಂತುಬಿಟ್ಟವು.

"ಇಲ್ಲ," ಎಂದರು ಅತ್ತೆ. ಆಮೇಲೆ ದಾರ ಕಡಿದರು.